ಜೋಳದ ರೊಟ್ಟಿಯ ಬಣ್ಣ ಯಾವುದು?

ಡಂಬಳದ ತೋಂಟದಾರ್ಯ ಮಠದ ಜಾತ್ರೆಯಲ್ಲಿ ನಡೆಯುವ ರೊಟ್ಟಿ ಜಾತ್ರೆ ಗದಗ ಸೀಮೆಗೆಲ್ಲ ಗೊತ್ತು. ಅಲ್ಲಿ ಜೋಳದ ರೊಟ್ಟಿಯೇ ಪ್ರಸಾದ, ಜಾತಿ ಕೇಳದೆ ಜನ ಒಟ್ಟಿಗೆ ಉಣ್ಣುತ್ತಾರೆ. ಈ ಜಾತ್ರೆಯ ಮೇಲೆ ಆರೇಳು ವರ್ಷದ ಮಕ್ಕಳಿಗಾಗಿ 16 ಪುಟದ ಚಿತ್ರಪುಸ್ತಕವೊಂದು ಬರಬೇಕು ಎಂದಿಟ್ಟುಕೊಳ್ಳಿ. ಕಥೆ ಬರೆಯುವವರು ‘ರೊಟ್ಟಿ’ ಎಂದು ಬರೆದು ಮುಂದಿನ ಸಾಲಿಗೆ ಹೋಗಬಹುದು. ಚಿತ್ರ ಬರೆಯುವವರಿಗೆ ಆ ಸವಲತ್ತಿಲ್ಲ. ಅದು ಮೆತ್ತನೆಯ ಬಿಸಿ ರೊಟ್ಟಿಯೋ, ಬುಟ್ಟಿಯಲ್ಲಿ ಒಟ್ಟಿಟ್ಟ ಕಟಕ ರೊಟ್ಟಿಯೋ? ಅಂಚು ಎಷ್ಟು ಸೆಟೆದಿದೆ? ಬಣ್ಣ ಯಾವುದು? ಬಿಳಿಯಲ್ಲ, ಚಪಾತಿಯ ಕಂದೂ ಅಲ್ಲ. ಬುಟ್ಟಿ ಹೊತ್ತವಳು ಸೆರಗನ್ನು ಯಾವ ಹೆಗಲ ಮೇಲೆ ಹೊದ್ದಿದ್ದಾಳೆ? ಲೇಖಕ ಅಸ್ಪಷ್ಟವಾಗಿ ಬಿಟ್ಟದ್ದನ್ನೆಲ್ಲ ಚಿತ್ರಕಾರ ನಿರ್ಧರಿಸಲೇಬೇಕು. ಆದ್ದರಿಂದ ಮಕ್ಕಳ ಪುಸ್ತಕದ ಚಿತ್ರಕಾರ ಕಥೆಗೆ ಒಡವೆ ತೊಡಿಸುವವನಲ್ಲ, ಅದರ ಅರ್ಧ ಕರ್ತೃ. ನಮ್ಮ ಪುಸ್ತಕ ವ್ಯವಹಾರ ಅವನಿಗೆ ಒಡವೆಯ ಕೂಲಿ ಕೊಟ್ಟು ಕೈತೊಳೆದುಕೊಳ್ಳುತ್ತದೆ. ನಮ್ಮ ಮಕ್ಕಳ ಪುಸ್ತಕಗಳ ಬಹುಪಾಲು ಚಿತ್ರಗಳಿಗೆ ಊರು ಎಂಬುದೇ ಇಲ್ಲದಿರುವುದಕ್ಕೆ ಇದೇ ಮುಖ್ಯ ಕಾರಣ ಎಂಬುದು ನನ್ನ ವಾದ.

ಈ ಕೆಲಸ ನಡೆಯುವ ಬಗೆಯನ್ನು ಮೊದಲು ನೋಡೋಣ. ಅಚ್ಚಿನ ದೊಡ್ಡ ಹಾಳೆ ಮಡಿಕೆಯಾಗಿ ಪುಟವಾಗುವುದರಿಂದ ಪುಟಗಳು ಎಂಟರ ಲೆಕ್ಕದಲ್ಲಿ ಬರುತ್ತವೆ. 16 ಪುಟದಲ್ಲಿ ಶೀರ್ಷಿಕೆ, ಪ್ರಕಾಶನದ ವಿವರಗಳಿಗೆ ಎರಡು ಮೂರು ಪುಟ ಹೋದರೆ ಉಳಿದಷ್ಟರಲ್ಲೇ ಕಥೆ ಮುಗಿಯಬೇಕು. ಚಿತ್ರಕಾರ ಮೊದಲು ಬೆರಳಗಲದ ಸ್ಕೆಚ್ಚುಗಳಲ್ಲಿ ಇಡೀ ಪುಸ್ತಕವನ್ನು ಹರವಿಕೊಳ್ಳುತ್ತಾನೆ, ಆಮೇಲೆ ಹಾಳೆ ಮಡಿಸಿ ಡಮ್ಮಿ ಮಾಡಿ ತಿರುವಿ ನೋಡುತ್ತಾನೆ. ಪುಟ ತಿರುವುವುದೇ ಇಲ್ಲಿನ ತಾಳ. ಬಲಪುಟದಲ್ಲಿ ಒಂದೇ ಬುಟ್ಟಿ ಕಾಣಿಸಿ, ತಿರುವಿದ ಕೂಡಲೇ ಎರಡು ಪುಟದಗಲ ರೊಟ್ಟಿಯ ರಾಶಿ ಎದುರಾದರೆ ಮಗು ಬಾಯಿ ತೆರೆಯುತ್ತದೆ. ಅದೇ ರಾಶಿ ಮೊದಲೇ ಕಂಡುಬಿಟ್ಟರೆ ಕಥೆ ಅಲ್ಲಿಗೇ ಮುಗಿಯಿತು. ರಾಶಿಯ ನಡುವೆ ನಿಂತ ಹುಡುಗಿಯ ಮುಖ ಪಿನ್ ಹೊಡೆಯುವ ಮಡಿಕೆಯೊಳಗೆ ಸಿಕ್ಕಿಬೀಳಬಾರದು. ಇಷ್ಟರ ನಡುವೆ ಅಕ್ಷರಕ್ಕೂ ಜಾಗ ಬಿಡಬೇಕು. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ವಿಭಕ್ತಿ ಕೂಡಿಕೊಂಡು ಪದ ಉದ್ದವಾಗುತ್ತದೆ. ಇಂಗ್ಲಿಷ್ ಪಠ್ಯಕ್ಕೆಂದು ಬಿಟ್ಟ ಆಕಾಶದಲ್ಲಿ ಕನ್ನಡದ ವಾಕ್ಯವನ್ನು ತುರುಕಿದ ಪುಸ್ತಕಗಳನ್ನು ನೋಡಿದವರಿಗೆ ಇದು ಗೊತ್ತು: ಅಕ್ಷರ ಚಿಕ್ಕದಾಗುತ್ತದೆ, ಸಾಲುಗಳು ಒಂದರ ಮೈಮೇಲೊಂದು ಬೀಳುತ್ತವೆ, ಓದಲು ಈಗಷ್ಟೇ ಕಲಿತ ಮಗು ಅಲ್ಲೇ ಸೋಲುತ್ತದೆ.

ಹೀಗಾಗಲು ಕಾರಣ ಯಾರ ಕೆಟ್ಟತನವೂ ಅಲ್ಲ, ಲೆಕ್ಕಾಚಾರ. ಬಣ್ಣದ ಅಚ್ಚು ದುಬಾರಿ. ನಾಲ್ಕು ಬಣ್ಣದ ಮುದ್ರಣದಲ್ಲಿ ಅಕ್ಷರವಿರುವ ಕಪ್ಪು ಪ್ಲೇಟನ್ನಷ್ಟೇ ಬದಲಿಸಿದರೆ ಒಂದೇ ಚಿತ್ರ ಹತ್ತು ಭಾಷೆಗೆ ಒದಗುತ್ತದೆ. 1957ರಲ್ಲಿ ಶುರುವಾದ ನ್ಯಾಷನಲ್ ಬುಕ್ ಟ್ರಸ್ಟ್ ತನ್ನ ನೆಹರೂ ಬಾಲ ಪುಸ್ತಕಾಲಯದಲ್ಲಿ ಒಂದೇ ಪುಸ್ತಕವನ್ನು ಹಲವು ಭಾಷೆಗಳಿಗೆ ಮುಟ್ಟಿಸಿ ಅಗ್ಗದ ಬೆಲೆಗೆ ಕೊಟ್ಟದ್ದು ಸಣ್ಣ ಉಪಕಾರವಲ್ಲ. ಆದರೆ ಎಲ್ಲ ಭಾಷೆಗೂ ಸಲ್ಲಬೇಕಾದ ಚಿತ್ರ ಯಾವ ಊರಿನದೂ ಆಗದಂತೆ ಜಾರಿಕೊಳ್ಳುವುದು ಸಹಜ. ಮನೆ ಎಂದರೆ ಇಳಿಜಾರು ಹೆಂಚು, ಮರ ಎಂದರೆ ತೆಂಗು, ಹಸು ಎಂದರೆ ಕಪ್ಪುಬಿಳಿ ಮಚ್ಚೆಯದು. ಡಂಬಳವಿರುವ ಮುಂಡರಗಿ ಸೀಮೆಯ ಹಳೆಯ ಮನೆಯಾದರೋ ಚಪ್ಪಟೆ ಮಣ್ಣಿನ ಮಾಳಿಗೆಯದು, ಬೆಳಕು ಮೇಲಿನ ಬೆಳಕಿಂಡಿಯಿಂದ ಇಳಿಯುತ್ತದೆ. ಎರೆ ಹೊಲದ ಬದುವಿನಲ್ಲಿ ಬೇವು, ಬನ್ನಿ, ಜಾಲಿ. ಡಂಬಳದ ದೊಡ್ಡಬಸಪ್ಪ ಗುಡಿಯೇ ಇದಕ್ಕೆ ಒರೆಗಲ್ಲು. ಕಲ್ಯಾಣ ಚಾಲುಕ್ಯರ ಕಾಲದ ಈ ಗುಡಿಯ ತಳವಿನ್ಯಾಸ 24 ಮೂಲೆಗಳ ನಕ್ಷತ್ರ, ಆ ಮೂಲೆಗಳು ಶಿಖರದವರೆಗೂ ಅಂತಸ್ತು ಅಂತಸ್ತಾಗಿ ಏರುತ್ತವೆ. ನಡುಹಗಲಿನಲ್ಲೂ ಗೋಡೆಯ ಮೇಲೆ ಬಿಸಿಲಿನ ಪಟ್ಟಿ, ನೆರಳಿನ ಪಟ್ಟಿ ಒತ್ತೊತ್ತಾಗಿ ಬೀಳುವುದು ಅದರಿಂದಲೇ. ಇದನ್ನು ಮುಂದೆ ನಿಂತು ನೋಡದವರ ಕೈಯಲ್ಲಿ ಗುಡಿ ಎಂದರೆ ಮತ್ತೆ ಅದೇ ತಮಿಳುನಾಡಿನ ಗೋಪುರ.

ಮಗುವಿಗೆ ತನ್ನೂರೇ ಕಾಣಬೇಕೆಂಬ ಹಟ ಏಕೆ ಎಂದು ಕೇಳುವವರಿದ್ದಾರೆ. ಪುಸ್ತಕ ಇರುವುದೇ ಊರಾಚೆ ಕರೆದೊಯ್ಯಲಿಕ್ಕೆ ಅಲ್ಲವೇ? ನವಕರ್ನಾಟಕದ ಮಳಿಗೆಗಳಲ್ಲಿ ಕೈಗೆಟುಕುವ ಬೆಲೆಗೆ ಸಿಗುತ್ತಿದ್ದ ಸೋವಿಯತ್ ಮಕ್ಕಳ ಪುಸ್ತಕಗಳಲ್ಲಿ ಹಿಮವಿತ್ತು, ಕರಡಿಯಿತ್ತು. ಹಿಮ ಕಾಣದ ಕನ್ನಡದ ಮಕ್ಕಳು ಅವನ್ನು ಎದೆಗವುಚಿಕೊಂಡು ಓದಿದರು. ಆಕ್ಷೇಪಣೆ ಗಟ್ಟಿಯಾದದ್ದೇ. ಆದರೆ ಅದು ನನ್ನ ವಾದವನ್ನೇ ಎತ್ತಿ ಹಿಡಿಯುತ್ತದೆ. ಆ ಚಿತ್ರಗಳು ಮನಸ್ಸಿನಲ್ಲಿ ಕೂತದ್ದು ಅವು ಎಲ್ಲರಿಗೂ ಸಲ್ಲುವಂತಿದ್ದವು ಎಂಬ ಕಾರಣಕ್ಕಲ್ಲ. ಅವುಗಳ ಮರದ ಮನೆಯ ಕಿಟಕಿಯ ಕೆತ್ತನೆ, ಭೂರ್ಜ ಮರದ ತೊಗಟೆ, ಕಂಬಳಿ ಬೂಟು ಎಲ್ಲವೂ ಅಲ್ಲಿನವರು ತಮ್ಮ ನೆಲವನ್ನು ನೋಡಿ ಬರೆದವು. ಖಚಿತವಾದದ್ದು ಗಡಿ ದಾಟುತ್ತದೆ, ಸರಾಸರಿಯದು ಎಲ್ಲಿಯೂ ಬೇರು ಬಿಡುವುದಿಲ್ಲ. ಡಂಬಳದ ಮಾಳಿಗೆ ಮನೆಯನ್ನು ಅಷ್ಟೇ ಶ್ರದ್ಧೆಯಿಂದ ಬರೆದರೆ ಕಾರವಾರದ ಮಗುವೂ ನೋಡುತ್ತದೆ, ರಷ್ಯದ ಕಝಾನಿನ ಮಗುವೂ ನೋಡುತ್ತದೆ.

ಅಂಥ ಶ್ರದ್ಧೆಗೆ ಬೇಕಾದದ್ದು ಸಮಯ, ಸಮಯಕ್ಕೆ ಬೇಕಾದದ್ದು ಸಂಬಳ. ಕನ್ನಡ ‘ಚಂದಮಾಮ’ 1949ರಲ್ಲಿ ಶುರುವಾಯಿತು. ಅದರ ಚಿತ್ರಶಾಲೆಯಲ್ಲಿ ಕನ್ನಡಿಗ ಎಂ.ಟಿ.ವಿ. ಆಚಾರ್ಯರು ಮಹಾಭಾರತದ ಪಾತ್ರಗಳಿಗೆ ಮುಖ ಕೊಟ್ಟರು. ಹೆಣ ಹೊತ್ತು ನಡೆಯುವ ವಿಕ್ರಮನನ್ನು ‘ಶಂಕರ್’ ಎಂದು ಸಹಿ ಮಾಡುತ್ತಿದ್ದ ಕೆ.ಸಿ. ಶಿವಶಂಕರನ್ ನಮ್ಮೆಲ್ಲರ ಕಣ್ಣಲ್ಲಿ ನಿಲ್ಲಿಸಿದರು. 2020ರಲ್ಲಿ ಅವರು ತೀರಿಕೊಂಡಾಗ ಎಷ್ಟೋ ಓದುಗರಿಗೆ ಆ ಹೆಸರು ಮೊದಲ ಸಲ ತಿಳಿಯಿತು, ಚಿತ್ರ ಮಾತ್ರ ಬಾಲ್ಯದಿಂದಲೇ ಗೊತ್ತಿತ್ತು. ಅವರ ಚಿತ್ರಗಳು ಪುರಾಣಲೋಕದವು, ಯಾವ ಊರಿನವೂ ಅಲ್ಲ ಎನ್ನಬಹುದು, ನಿಜವೇ. ಆದರೆ ಆ ಲೋಕದೊಳಗೆ ಅವರು ಸ್ಮಶಾನದ ಮರದ ಒಂದೊಂದು ಕೊಂಬೆಯನ್ನೂ ನಿರ್ಧರಿಸಿ ಬರೆದರು. ತಿಂಗಳ ಸಂಬಳದ ಮೇಜು ಕೊಟ್ಟ ಬಿಡುವು ಅದು. ಇಂದಿನ ಚಿತ್ರಕಾರ ಬಿಡಿ ಚಿತ್ರಕ್ಕೆ ಇಷ್ಟೆಂಬ ದರಕ್ಕೆ, ಹತ್ತು ದಿನದಲ್ಲಿ, ವಾಟ್ಸ್‌ಆ್ಯಪಿನಲ್ಲಿ ಬಂದ ಕಥೆಗೆ ಬರೆಯುತ್ತಾನೆ. ಅಂತರ್ಜಾಲದಲ್ಲಿ ‘ಇಂಡಿಯನ್ ವಿಲೇಜ್’ ಹುಡುಕಿ ಬರೆದನೆಂದು ಅವನನ್ನು ಬೈದು ಫಲವಿಲ್ಲ.

ಕಾನೂನು ಇಲ್ಲಿ ಅರ್ಧ ಮಾತ್ರ ಅವನ ಕಡೆಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಬರೆಸಿದ ವರ್ಣಚಿತ್ರದ ಮೊದಲ ಹಕ್ಕುದಾರ, ಬೇರೆ ಕರಾರು ಇಲ್ಲದಿದ್ದರೆ, ಬರೆಸಿದವನೇ. ಕರಾರುಪತ್ರವೇ ಇಲ್ಲದೆ ಬಾಯಿಮಾತಿನಲ್ಲಿ ಕೆಲಸ ಒಪ್ಪುವ ಚಿತ್ರಕಾರ ತನ್ನ ಚಿತ್ರ ಹತ್ತನೇ ಮುದ್ರಣ ಕಂಡರೂ ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಆದರೆ ಹಕ್ಕು ಮಾರಿದ ಮೇಲೂ ‘ಇದು ನನ್ನದು’ ಎಂದು ಹೇಳಿಕೊಳ್ಳುವ ಅಧಿಕಾರವನ್ನು 57ನೇ ಕಲಮು ಅವನಿಗೇ ಉಳಿಸಿದೆ. ಕನ್ನಡದಲ್ಲಿ ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಭಾಷೆ ಎಂದೋ ಒಪ್ಪಿಕೊಂಡ ಈ ಸಮಾನತೆಯನ್ನು ಮುಖಪುಟಗಳು ಇನ್ನೂ ಒಪ್ಪಿಲ್ಲ. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ ಲೇಖಕರ ಜೊತೆ ಚಿತ್ರಕಾರರ ಹೆಸರನ್ನೂ ಮುಖಪುಟದಲ್ಲೇ ಅಚ್ಚು ಹಾಕುತ್ತ ಬಂದಿದೆ. ಅದರಿಂದ ಪುಸ್ತಕದ ಖರ್ಚು ಒಂದು ಪೈಸೆಯೂ ಹೆಚ್ಚಿಲ್ಲ.

ಪ್ರಕಾಶಕರ ಅಳಲನ್ನು ತಳ್ಳಿಹಾಕುವಂತಿಲ್ಲ. ಕನ್ನಡ ಪುಸ್ತಕದ ಸಾವಿರ ಪ್ರತಿ ಖರ್ಚಾಗುವುದೇ ಕಷ್ಟ. ಗ್ರಂಥಾಲಯದ ಸಗಟು ಖರೀದಿ ಪುಟಗಳನ್ನು ಎಣಿಸಿ ಬೆಲೆ ಕಟ್ಟುತ್ತದೆ, 16 ಪುಟದ ಚಿತ್ರಪುಸ್ತಕಕ್ಕೆ ಅದು ಸೋಲುವ ಲೆಕ್ಕ. ಬದಲಾಗಬೇಕಾದದ್ದು ಮೊದಲು ಈ ಎಣಿಕೆ, ಮಕ್ಕಳ ಚಿತ್ರಪುಸ್ತಕಕ್ಕೆ ಬೇರೆಯದೇ ದರಪಟ್ಟಿ ಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದು ‘ಅರಿವು ಕೇಂದ್ರ’ಗಳಾದ ಮೇಲೆ ಹಳ್ಳಿಯ ಮಕ್ಕಳು ಅಲ್ಲಿಗೆ ಬರುತ್ತಿದ್ದಾರೆ, ಕೊಳ್ಳುವ ಕೈ ಇದೆ ಎಂದರ್ಥ. ಇನ್ನು, ಕೃತಕ ಬುದ್ಧಿಮತ್ತೆ ಪುಕ್ಕಟೆ ಚಿತ್ರ ಕೊಡುವಾಗ ಚಿತ್ರಕಾರ ಏಕೆ ಎಂಬ ಹೊಸ ಪ್ರಶ್ನೆ. ಯಂತ್ರ ಹೆಚ್ಚು ಕಂಡದ್ದನ್ನೇ ಹೆಚ್ಚು ಕೊಡುತ್ತದೆ. ಹೆಚ್ಚು ಕಂಡದ್ದು ಹೆಂಚಿನ ಮನೆ, ತೆಂಗಿನ ಮರ. ಕಪ್ಪು ಪ್ಲೇಟಿನ ಕಾಲದ ಸರಾಸರಿಯೇ ಹೊಸ ವೇಷದಲ್ಲಿ ವಾಪಸು ಬಂದಿದೆ, ಅಷ್ಟೆ.

ಬರೆಯುವ ಕೈಗಳಿಗಂತೂ ಈ ಸೀಮೆಯಲ್ಲಿ ಬರವಿಲ್ಲ. ಟಿ.ಪಿ. ಅಕ್ಕಿಯವರು ಗದಗಿನಲ್ಲಿ ಕಟ್ಟಿದ ವಿಜಯ ಕಲಾ ಮಂದಿರದಲ್ಲಿ ಕಲಿತವರು ನಾಡಿನ ಶಾಲೆಗಳಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದಾರೆ. ಶಿರಹಟ್ಟಿ ಬದಿಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿವೆ, 2024ರಲ್ಲಿ ಆ ಕೆರೆ ರಾಮ್ಸರ್ ಪಟ್ಟಿ ಸೇರಿತು. ಕಪ್ಪತಗುಡ್ಡದಲ್ಲಿ ತೋಳವಿದೆ. ಕಥೆಗೆ ಸಾಮಗ್ರಿ ಹುಡುಕಿಕೊಂಡು ಯಾರೂ ದೂರ ಹೋಗಬೇಕಾಗಿಲ್ಲ. ಪ್ರಕಾಶಕರಲ್ಲಿ ಕೇಳುವುದು ಇಷ್ಟೇ: ಒಂದು ಪುಟದ ಕರಾರುಪತ್ರ, ಮುಖಪುಟದಲ್ಲಿ ಹೆಸರು, ಮತ್ತು ಬರೆಯುವ ಮುನ್ನ ಚಿತ್ರಕಾರ ಹೋಗಿ ನೋಡಿಬರಲು ಪುಸ್ತಕದ ಬಜೆಟ್ಟಿನಲ್ಲಿ ಗದಗಿನಿಂದ ಡಂಬಳಕ್ಕೆ ಒಂದು ಬಸ್ ಟಿಕೆಟ್ಟು.