ನಿರೀಕ್ಷೆಯ ಅಂಕ, ಫಲಿತಾಂಶದ ಅಂಕ

ವೈದ್ಯಕೀಯ ಪ್ರವೇಶದ 'ನೀಟ್' ಪರೀಕ್ಷೆ ಮುಗಿದ ಸಾಯಂಕಾಲ ನಮ್ಮ ನಾಡಿನ ಯಾವ ಊರಿನಲ್ಲಿ ನೋಡಿದರೂ ಹೆಚ್ಚುಕಡಮೆ ಒಂದೇ ದೃಶ್ಯ ಕಾಣಬರುವುದು. ಪ್ರಶ್ನೆಪತ್ರಿಕೆಯನ್ನು ಮುಂದಿಟ್ಟುಕೊಂಡ ವಿದ್ಯಾರ್ಥಿ, ಪಕ್ಕದಲ್ಲಿ ತಂದೆಯೋ ಅಣ್ಣನೋ, ಕೈಯಲ್ಲೊಂದು ಸೀಸದ ಕಡ್ಡಿ. ಸರಿಯಾಗಿ ಬರೆದೆನೆಂದು ತೋರಿದ ಪ್ರಶ್ನೆಗಳಿಗೆಲ್ಲ ಗುರುತು ಹಾಕಿ, ಗುರುತುಗಳನ್ನೆಣಿಸಿ, ನಾಲ್ಕರಿಂದ ಗುಣಿಸಿ, 560 ಬರಬಹುದೆಂದು ತೀರ್ಮಾನಿಸುವರು. ಆ ಸಂಖ್ಯೆ ಅದೇ ರಾತ್ರಿ ದೂರವಾಣಿಯ ಮೂಲಕ ಅಜ್ಜಿಗೂ ಸೋದರಮಾವನಿಗೂ ತಲುಪುವುದು. ಕೆಲವು ವಾರಗಳ ತರುವಾಯ ಫಲಿತಾಂಶ ಪ್ರಕಟವಾದಾಗ ಅಲ್ಲಿ 485 ಎಂದಿರುವುದು.

ಕಾಣೆಯಾದ ಆ 75 ಅಂಕಗಳು ಎಲ್ಲಿಗೆ ಹೋದುವು? ಮನೆಯಲ್ಲಿ ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುವುವು. ಹುಡುಗ ಮೈಗಳ್ಳತನ ಮಾಡಿದನೆಂದು ಒಬ್ಬರು ಹೇಳಿದರೆ, ಮೌಲ್ಯಮಾಪನದಲ್ಲಿಯೇ ಏನೋ ಎಡವಟ್ಟಾಗಿದೆಯೆಂದು ಮತ್ತೊಬ್ಬರು ಹೇಳುವರು. ಮೊದಲನೆಯ ಮಾತು ಹುಡುಗನನ್ನು ಕುಗ್ಗಿಸುವುದು, ಎರಡನೆಯದು ಅವನಲ್ಲಿ ಕಹಿಯನ್ನು ತುಂಬುವುದು. ಸಿಕ್ಕಿದ ಕಾಲೇಜಿಗೆ ಸೇರಬೇಕೆ, ಒಂದು ವರ್ಷ ಕಾದು ಮತ್ತೆ ಪರೀಕ್ಷೆಗೆ ಕೂಡಬೇಕೆ ಎಂಬ ದೊಡ್ಡ ನಿರ್ಧಾರವೂ ಈ ಮನಃಸ್ಥಿತಿಯಲ್ಲಿಯೇ ಆಗಿಹೋಗುವುದು. ಫಲಿತಾಂಶದ ಅಂಕವನ್ನು ಎಲ್ಲರೂ ಪ್ರಶ್ನಿಸುವರು. ನಿರೀಕ್ಷೆಯ ಅಂಕವನ್ನು ಪ್ರಶ್ನಿಸುವವರು ವಿರಳ. ಆದರೆ ಅದೂ ಒಂದು ಅಳತೆಯೇ. ಪ್ರಯೋಗಶಾಲೆಯಲ್ಲಿ ವರ್ನಿಯರ್ ಕ್ಯಾಲಿಪರ್ಸನ್ನು ಕೈಗೆತ್ತಿಕೊಂಡ ವಿದ್ಯಾರ್ಥಿ ಮೊದಲು ಅದರ ದವಡೆಗಳನ್ನು ಮುಚ್ಚಿ ಶೂನ್ಯದೋಷ ಎಷ್ಟಿದೆಯೆಂದು ನೋಡುವನು. ಅದನ್ನು ಕಳೆಯದೆ ಬರೆದ ಅಳತೆಯನ್ನು ನಾವು ಅಧ್ಯಾಪಕರು ಒಪ್ಪುವುದಿಲ್ಲ. ತನ್ನ ತಿಳಿವಳಿಕೆಯನ್ನು ತಾನೇ ಅಳೆಯುವಾಗ ಅದೇ ವಿದ್ಯಾರ್ಥಿ ಉಪಕರಣವನ್ನು ಪರೀಕ್ಷಿಸದೆ ನೇರವಾಗಿ ಅಂಕಿಯನ್ನು ಬರೆದುಕೊಂಡುಬಿಡುವನು. ಈ ಉಪಕರಣದ ದೋಷಗಳಾವುವು ಎಂಬುದನ್ನು ಸ್ವಲ್ಪ ವಿಚಾರಿಸೋಣ.

ಮೊದಲು ಬರಿಯ ಲೆಕ್ಕ. 2025ರ ನೀಟ್ ಪರೀಕ್ಷೆಯಲ್ಲಿ 180 ಪ್ರಶ್ನೆಗಳಿದ್ದುವು. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ, ಬಿಟ್ಟುದಕ್ಕೆ ಸೊನ್ನೆ. ನಮ್ಮ ವಿದ್ಯಾರ್ಥಿ 140 ಉತ್ತರಗಳನ್ನು ಬರೆದು ಉಳಿದುವನ್ನು ಬಿಟ್ಟಿದ್ದನೆಂದು ಭಾವಿಸಿರಿ. ಅವನು ಸರಿಯೆಂದು ನಂಬಿದ ಆ 140ರಲ್ಲಿ 15 ತಪ್ಪಾಗಿದ್ದುವು. ಒಂದೊಂದು ತಪ್ಪಿಗೂ ಬರಬೇಕಾಗಿದ್ದ 4 ಅಂಕ ಹೋಗುವುದಲ್ಲದೆ ಕೈಯಿಂದ 1 ಅಂಕವೂ ಹೋಗುವುದರಿಂದ, ನಿರೀಕ್ಷೆಯಲ್ಲಿ ಬೀಳುವ ಹಳ್ಳ 5 ಅಂಕಗಳದು. 15ನ್ನು 5ರಿಂದ ಗುಣಿಸಿದರೆ 75. ಹತ್ತರಲ್ಲಿ ಒಂದು ತಪ್ಪಾಯಿತೆಂದರೆ ಯಾರೂ ಅವನನ್ನು ದಡ್ಡನೆನ್ನಲಾರರು. ಅಷ್ಟು ಸಣ್ಣ ತಪ್ಪು ಅಷ್ಟು ದೊಡ್ಡ ಅಂತರವಾಗಿ ಕಾಣಿಸಿಕೊಂಡಿತು, ಅಷ್ಟೆ.

ಈ 5 ಅಂಕಗಳ ತೂಕವನ್ನು ದೇಶವೇ ಕಂಡ ಪ್ರಸಂಗವೊಂದುಂಟು. 2024ರ ನೀಟ್‌ನಲ್ಲಿ ಭೌತಶಾಸ್ತ್ರದ ಒಂದು ಪ್ರಶ್ನೆಗೆ, ಹಳೆಯ ಪಠ್ಯಪುಸ್ತಕದ ವಾಕ್ಯವನ್ನು ನಂಬಿದವರಿಗೂ ನಷ್ಟವಾಗದಿರಲೆಂದು, ಎರಡು ಉತ್ತರಗಳನ್ನು ಸರಿಯೆಂದು ಒಪ್ಪಲಾಗಿತ್ತು. ಸರ್ವೋಚ್ಚ ನ್ಯಾಯಾಲಯವು ದೆಹಲಿಯ ಐ.ಐ.ಟಿ.ಯ ತಜ್ಞರ ಅಭಿಪ್ರಾಯವನ್ನು ಪಡೆದು ಒಂದೇ ಉತ್ತರ ಸರಿಯೆಂದು ನಿರ್ಧರಿಸಿದಾಗ, ಮತ್ತೊಂದನ್ನು ಗುರುತಿಸಿದ್ದ ನಾಲ್ಕು ಲಕ್ಷಕ್ಕೂ ಮಿಕ್ಕ ವಿದ್ಯಾರ್ಥಿಗಳ ಅಂಕ ತಲಾ 5ರಷ್ಟು ಇಳಿಯಿತು. ಜೂನ್ 4ರಂದು 720ಕ್ಕೆ 720 ಪಡೆದವರು 67 ಮಂದಿಯಿದ್ದರು. ತಿದ್ದುಪಡಿಗಳೆಲ್ಲ ಮುಗಿದಾಗ 17 ಮಂದಿ ಉಳಿದರು.

ಕರ್ನಾಟಕದ ಸಿ.ಇ.ಟಿ.ಯಲ್ಲಿ ಈ ದೋಷದ ದಿಕ್ಕೇ ಬೇರೆ. ಅಲ್ಲಿ ಪ್ರತಿ ವಿಷಯಕ್ಕೂ 60 ಪ್ರಶ್ನೆಗಳು, ಒಂದಕ್ಕೆ ಒಂದು ಅಂಕ, 80 ನಿಮಿಷಗಳ ಕಾಲ, ತಪ್ಪಿಗೆ ಕಡಿತವಿಲ್ಲ. ಏನೂ ತಿಳಿಯದ 20 ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಗುರುತು ಹಾಕಿದವಳಿಗೂ ಸರಾಸರಿ 5 ಅಂಕಗಳು ದೊರೆಯುವುವು. ಮನೆಗೆ ಬಂದು ಲೆಕ್ಕ ಹಾಕುವಾಗ ಅವಳು ಈ 20ನ್ನು ಬಿಟ್ಟೇ ಎಣಿಸುವಳು. ಆದುದರಿಂದ ಸಿ.ಇ.ಟಿ.ಯಲ್ಲಿ ನಿರೀಕ್ಷೆಗಿಂತ ಹೆಚ್ಚು ಅಂಕ ಪಡೆದು ಬೆರಗಾಗುವವರೂ ಇರುವರು. ಇವರು ಬೆರಗನ್ನು ತಮ್ಮ ಜಾಣ್ಮೆಯ ಲೆಕ್ಕಕ್ಕೆ ಬರೆದುಕೊಳ್ಳದಿದ್ದರೆ ಒಳ್ಳೆಯದು.

ಇದಿಷ್ಟು ಸುಲಭದ ಭಾಗ. ಆ 15 ತಪ್ಪುಗಳು ಬರೆಯುವಾಗ ತಪ್ಪೆಂದು ತೋರಲಿಲ್ಲವೇಕೆ ಎಂಬುದು ಮುಂದಿನ ಪ್ರಶ್ನೆ. ನಮಗೆ ಹೆಚ್ಚು ಸ್ವಾರಸ್ಯವೆನಿಸುವುದೂ ಇದೇ.

ಅಮೆರಿಕದ ಮನೋವಿಜ್ಞಾನಿಗಳಾದ ಜೆಫ್ರಿ ಕಾರ್ಪಿಕ್ ಮತ್ತು ಹೆನ್ರಿ ರೋಡಿಗರ್ 2008ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಆಫ್ರಿಕದ ಸ್ವಾಹಿಲಿ ಭಾಷೆಯ 40 ಪದಗಳನ್ನೂ ಅವುಗಳ ಇಂಗ್ಲಿಷ್ ಅರ್ಥಗಳನ್ನೂ ಕಲಿಸಲಾಯಿತು. ಓದುವುದು, ಅನಂತರ ಪುಸ್ತಕವಿಲ್ಲದೆ ನೆನಪಿನಿಂದ ಹೇಳುವುದು, ಮತ್ತೆ ಓದುವುದು, ಮತ್ತೆ ಹೇಳುವುದು, ಹೀಗೆ ಕ್ರಮ. ಒಂದು ಪದವನ್ನು ಒಮ್ಮೆ ಸರಿಯಾಗಿ ಹೇಳಿದ ಮೇಲೆ ಆ ಪದದ ವಿಷಯದಲ್ಲಿ ನಾಲ್ಕು ಗುಂಪುಗಳಿಗೆ ನಾಲ್ಕು ಬಗೆ: ಒಂದು ಗುಂಪು ಅದನ್ನು ಓದುವುದನ್ನೂ ಹೇಳುವುದನ್ನೂ ಮುಂದುವರಿಸಿತು, ಎರಡನೆಯದು ಓದುವುದನ್ನು ಬಿಟ್ಟು ಹೇಳುವುದನ್ನು ಮಾತ್ರ ಮುಂದುವರಿಸಿತು, ಮೂರನೆಯದು ಓದುತ್ತಲೇ ಇದ್ದು ಹೇಳುವುದನ್ನು ಬಿಟ್ಟಿತು, ನಾಲ್ಕನೆಯದು ಎರಡನ್ನೂ ಬಿಟ್ಟಿತು. ಕೊನೆಯಲ್ಲಿ ಎಲ್ಲರನ್ನೂ ಕೇಳಿದರು: ಒಂದು ವಾರದ ಮೇಲೆ ನಿಮಗೆ ಎಷ್ಟು ಪದಗಳು ನೆನಪಿರಬಹುದು? ನಾಲ್ಕು ಗುಂಪುಗಳೂ ಕೊಟ್ಟ ಉತ್ತರ ಒಂದೇ ಬಗೆಯದು: ಸುಮಾರು ಅರ್ಧದಷ್ಟು. ವಾರ ಕಳೆದು ಪರೀಕ್ಷಿಸಿದಾಗ, ನೆನಪಿನಿಂದ ಹೇಳುವುದನ್ನು ಮುಂದುವರಿಸಿದ್ದ ಎರಡು ಗುಂಪುಗಳು ನೂರಕ್ಕೆ ಸುಮಾರು 80ರಷ್ಟನ್ನು ಹೇಳಿದರು. ಉಳಿದೆರಡು ಗುಂಪುಗಳು ಸುಮಾರು ಮೂರನೆಯ ಒಂದು ಪಾಲನ್ನು ಮಾತ್ರ.

ಈ ಅಂಕಿಗಳನ್ನು ಸ್ವಲ್ಪ ನಿಂತು ನೋಡಬೇಕು. ಫಲಿತಾಂಶಗಳಲ್ಲಿ ಎರಡು ಪಟ್ಟಿಗೂ ಮೀರಿದ ವ್ಯತ್ಯಾಸವಿದ್ದಾಗ ನಿರೀಕ್ಷೆಗಳಲ್ಲಿ ವ್ಯತ್ಯಾಸವೇ ಇರಲಿಲ್ಲ. ತಣ್ಣೀರಿನಲ್ಲಿಟ್ಟರೂ ಬಿಸಿನೀರಿನಲ್ಲಿಟ್ಟರೂ ಒಂದೇ ಅಂಕಿಯನ್ನು ತೋರಿಸುವ ಉಷ್ಣತಾಮಾಪಕವನ್ನು ನಾವೇನೆನ್ನುವೆವು? ಓದಿದ ಪುಟವನ್ನು ಮತ್ತೆ ಓದಿದಾಗ ಅದು ಪರಿಚಿತವಾಗಿ ತೋರುವುದು. ಪರಿಚಯವನ್ನು ಮನಸ್ಸು ಜ್ಞಾನವೆಂದು ಎಣಿಸಿಕೊಳ್ಳುವುದು. ಭೌತಶಾಸ್ತ್ರದಲ್ಲಂತೂ ಇದು ನಿತ್ಯದ ಅನುಭವ. ಬಿಡಿಸಿಟ್ಟ ಲೆಕ್ಕವನ್ನು ಓದುವಾಗ ಪ್ರತಿಯೊಂದು ಮೆಟ್ಟಿಲೂ ಸಹಜವೆಂದೇ ಕಾಣುವುದು. ಪುಸ್ತಕ ಮುಚ್ಚಿ ಅದೇ ಲೆಕ್ಕವನ್ನು ಮಾಡಹೊರಟಾಗ ಮೊದಲನೆಯ ಮೆಟ್ಟಿಲೇ ಸಿಕ್ಕುವುದಿಲ್ಲ.

ಬಹು ಆಯ್ಕೆಯ ಪ್ರಶ್ನೆಗಳು ಈ ಭ್ರಮೆಗೆ ಮತ್ತಷ್ಟು ಇಂಬು ಕೊಡುವುವು. ಭೂಮಿಯ ತ್ರಿಜ್ಯದಷ್ಟೇ ಎತ್ತರದಲ್ಲಿ ಗುರುತ್ವ ವೇಗೋತ್ಕರ್ಷ ನೆಲದ ಮೇಲಿನದರ ಎಷ್ಟನೆಯ ಪಾಲು ಎಂಬ ಪ್ರಶ್ನೆಯನ್ನು ತೆಗೆದುಕೊಳ್ಳಿರಿ. ಕೇಂದ್ರದಿಂದ ದೂರ ಎರಡರಷ್ಟಾಗುವುದರಿಂದ ಉತ್ತರ ನಾಲ್ಕನೆಯ ಒಂದು ಪಾಲು. ದೂರವನ್ನು ವರ್ಗ ಮಾಡುವುದನ್ನು ಮರೆತವನಿಗೆ ಅರ್ಧವೆಂಬ ಉತ್ತರ ಬರುವುದು. ಪ್ರಶ್ನೆ ರಚಿಸುವವರು ಇದನ್ನು ಮೊದಲೇ ಬಲ್ಲರು. ನಾಲ್ಕು ಆಯ್ಕೆಗಳಲ್ಲಿ ಅರ್ಧವೂ ಒಂದಾಗಿರುವುದು. ದೀರ್ಘ ಉತ್ತರದ ಪರೀಕ್ಷೆಯಲ್ಲಿ ತಪ್ಪು ಮಾಡಿದವನಿಗೆ ಎಲ್ಲಿಯೋ ಸಂಶಯ ಉಳಿದಿರುವುದು. ಇಲ್ಲಿ ಅವನ ತಪ್ಪುತ್ತರ ಅಚ್ಚಾಗಿ ಎದುರಿಗೇ ಕುಳಿತಿರುವುದರಿಂದ, ಅದನ್ನು ಕಂಡೊಡನೆ ಸಂಶಯ ತೊಲಗಿ ನಂಬಿಕೆ ಹುಟ್ಟುವುದು. ಸಾಯಂಕಾಲ ಅವನು ಹಾಕುವ ಗುರುತುಗಳಲ್ಲಿ ಅದೂ ಒಂದು.

ಇನ್ನು ಎರಡನೆಯ ಜಾತಿಯ ದೋಷ. ಇದರಲ್ಲಿ ವಿದ್ಯಾರ್ಥಿಯ ಪಾತ್ರವೇನೂ ಇಲ್ಲ. ಪಠ್ಯಕ್ರಮದ ಹತ್ತರಲ್ಲಿ ಏಳು ಪಾಲನ್ನು ಚೆನ್ನಾಗಿ ಬಲ್ಲವಳೊಬ್ಬಳಿರುವಳೆಂದು ಕಲ್ಪಿಸಿಕೊಳ್ಳಿರಿ. ಪರೀಕ್ಷೆಯೆಂಬುದು ಅಪಾರವಾದ ಪ್ರಶ್ನೆಗಳ ಕಣಜದಿಂದ ತೆಗೆದ 180 ಕಾಳುಗಳು. ಸರಾಸರಿಯಲ್ಲಿ ಅವಳು 126ಕ್ಕೆ ಸರಿಯಾಗಿಯೂ 54ಕ್ಕೆ ತಪ್ಪಾಗಿಯೂ ಉತ್ತರಿಸಿ 450 ಅಂಕ ಪಡೆಯುವಳು. ಆದರೆ ನಾಣ್ಯವನ್ನು ನೂರು ಸಲ ಚಿಮ್ಮಿದರೆ ಪ್ರತಿಬಾರಿಯೂ ಐವತ್ತೇ ರಾಜಮುಖ ಬೀಳುವುದೆ? 180, 0.7 ಮತ್ತು 0.3 ಇವುಗಳ ಗುಣಲಬ್ಧ 37.8, ಅದರ ವರ್ಗಮೂಲ ಸುಮಾರು 6.1. ಅಂದರೆ ಸರಿಯುತ್ತರಗಳ ಸಂಖ್ಯೆ ಆರೇಳರಷ್ಟು ಅತ್ತಿತ್ತ ತೂಗುವುದು. ಒಂದಕ್ಕೆ 5 ಅಂಕಗಳಂತೆ 31 ಅಂಕಗಳ ತೂಗಾಟ. ಪ್ರಶ್ನೆಗಳು ಪರಸ್ಪರ ಸ್ವತಂತ್ರವೆಂದು ನಾವಿಲ್ಲಿ ಭಾವಿಸಿರುವೆವು. ವಾಸ್ತವದಲ್ಲಿ ಲೆಕ್ಕ ಇಷ್ಟು ನಯವಾಗಿರದಿದ್ದರೂ ಪ್ರಮಾಣ ಈ ಅಂದಾಜಿನದೇ. ಅದೇ ಹುಡುಗಿ, ಅದೇ ಓದು, ಅದೇ ನಿದ್ದೆಗೆಟ್ಟ ರಾತ್ರಿಗಳು. ಒಂದು ಪ್ರಶ್ನೆಪತ್ರಿಕೆಯಲ್ಲಿ 420, ಇನ್ನೊಂದರಲ್ಲಿ 480.

ಈಗ ಅವಳು ಪರೀಕ್ಷೆಗೆ ಮುಂಚೆ ಹತ್ತು ಮಾದರಿ ಪರೀಕ್ಷೆಗಳನ್ನು ಬರೆದಳೆನ್ನಿರಿ. ನಿಮ್ಮ ಅಂಕವೆಷ್ಟೆಂದು ಕೇಳಿದರೆ ಬಹುತೇಕ ವಿದ್ಯಾರ್ಥಿಗಳು ಹೇಳುವುದು ಆ ಹತ್ತರಲ್ಲಿ ಅತ್ಯುತ್ತಮವಾದುದನ್ನು. ಇಂಥ ಹತ್ತು ಅಳತೆಗಳಲ್ಲಿ ಅತಿ ದೊಡ್ಡದು ಸರಾಸರಿಗಿಂತ ತೂಗಾಟದ ಒಂದೂವರೆ ಪಟ್ಟು ಮೇಲಿರುವುದೆಂದು ಸಂಖ್ಯಾಶಾಸ್ತ್ರ ಹೇಳುವುದು: ಸುಮಾರು 47 ಅಂಕಗಳು. ಅವಳ ನಿರೀಕ್ಷೆ 497ರಲ್ಲಿ ನೆಲೆಸುವುದು, ಫಲಿತಾಂಶ 450ರ ಸುತ್ತ ಬರುವುದು. ಯಾರೂ ಯಾವ ತಪ್ಪನ್ನೂ ಮಾಡದೆ 47 ಅಂಕಗಳ ದುಃಖ ಸೃಷ್ಟಿಯಾಯಿತು! ಲಂಬಕದ ಆಂದೋಲನ ಕಾಲವನ್ನು ಹತ್ತು ಸಲ ಅಳೆದು, ಇಷ್ಟವಾದ ಒಂದು ಅಳತೆಯನ್ನು ಮಾತ್ರ ದಾಖಲೆಪುಸ್ತಕದಲ್ಲಿ ಬರೆಯುವವನನ್ನು ನಾವು ಗದರಿಸುವೆವಷ್ಟೆ.

ಒಂದು ವರ್ಷ ಕಾದು ಮತ್ತೆ ಬರೆಯುವವರ ವಿಷಯವೂ ಇಲ್ಲಿಗೇ ಸೇರಿದುದು. ಎತ್ತರದ ತಂದೆತಾಯಿಗಳ ಮಕ್ಕಳು ಎತ್ತರವಾಗಿದ್ದರೂ ಸರಾಸರಿಯ ಕಡೆಗೆ ಸ್ವಲ್ಪ ಸರಿದಿರುವರೆಂಬುದನ್ನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ಅಳೆದು ತೋರಿಸಿದನು. ಆಕಸ್ಮಿಕದ ಅಂಶವಿರುವ ಎಲ್ಲ ಅಳತೆಗಳಿಗೂ ಇದು ಅನ್ವಯಿಸುವುದು. ತನ್ನ ಸಾಮರ್ಥ್ಯಕ್ಕಿಂತ ಕಡಮೆ ಅಂಕ ಬಂದು ನೊಂದವರೇ ಮತ್ತೆ ಪರೀಕ್ಷೆಗೆ ಕೂಡುವವರಲ್ಲಿ ಹೆಚ್ಚು. ಎರಡನೆಯ ಸಲ ಅವರ ಅಂಕ, ಹೊಸದಾಗಿ ಒಂದಕ್ಷರ ಓದದಿದ್ದರೂ, ಸರಾಸರಿಯಲ್ಲಿ ಸ್ವಲ್ಪ ಏರುವುದು. ಆ ಏರಿಕೆಯಲ್ಲಿ ಎಷ್ಟು ಪಾಲು ವರ್ಷದ ಶ್ರಮದ್ದು, ಎಷ್ಟು ಪಾಲು ಗಾಲ್ಟನ್ನನದು ಎಂಬ ಲೆಕ್ಕವನ್ನು ತರಬೇತಿ ಕೇಂದ್ರಗಳ ಜಾಹೀರಾತುಗಳಲ್ಲಿ ನಾವು ಈವರೆಗೆ ಕಂಡಿಲ್ಲ.

ಅಂಕ ನಿರೀಕ್ಷೆಯಂತೆಯೇ ಬಂದು ರ‍್ಯಾಂಕು ಮಾತ್ರ ನಿರೀಕ್ಷೆಯನ್ನು ಸುಳ್ಳಾಗಿಸುವುದೂ ಉಂಟು. ರ‍್ಯಾಂಕು ವೇಗದಂತೆ ಸಾಪೇಕ್ಷವಾದುದು; ಇತರರು ಎಲ್ಲಿರುವರೆಂಬುದರ ಮೇಲೆ ನಿಂತಿರುವುದು. ನೀಟ್‌ನಲ್ಲಿ ಸಾಮಾನ್ಯ ವರ್ಗದ ಅರ್ಹತೆಯ ಗೆರೆ 50ನೆಯ ಪರ್ಸೆಂಟೈಲ್, ಅಂದರೆ ಪರೀಕ್ಷೆ ಬರೆದವರನ್ನೆಲ್ಲ ಅಂಕಗಳ ಕ್ರಮದಲ್ಲಿ ನಿಲ್ಲಿಸಿದಾಗ ನಟ್ಟನಡುವೆ ಬರುವವನ ಸ್ಥಾನ. ಆ ನಡುವಿನವನ ಅಂಕ 2023ರಲ್ಲಿ 137, 2024ರ ಪರಿಷ್ಕೃತ ಫಲಿತಾಂಶದಲ್ಲಿ 162, 2025ರಲ್ಲಿ 144. ಮೊದಲೆರಡು ವರ್ಷಗಳಲ್ಲಿ ಪೂರ್ಣ 720 ಪಡೆದವರಿದ್ದರು. ಭೌತಶಾಸ್ತ್ರದ ಪ್ರಶ್ನೆಗಳು ಕಠಿನವಾಗಿದ್ದ 2025ರಲ್ಲಿ ದೇಶಕ್ಕೇ ಮೊದಲಿಗನ ಅಂಕ 686. ಹೀಗಿರಲು ಹಿಂದಿನ ವರ್ಷದ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡು ಈ ವರ್ಷದ ರ‍್ಯಾಂಕನ್ನು ಓದುವುದು, ಅಲುಗಾಡುವ ದೋಣಿಯ ಅಂಚಿನಿಂದ ಹೊಳೆಯ ಆಳವನ್ನಳೆದಂತೆ. ಕರ್ನಾಟಕದಲ್ಲಿ ಇಂಜಿನಿಯರಿಂಗ್ ಪ್ರವೇಶಕ್ಕೆ ಪಿ.ಯು. ಅಂಕಗಳಿಗೂ ಅರ್ಧ ತೂಕವಿರುವುದು, 2024ರ ಸಿ.ಇ.ಟಿ.ಯಲ್ಲಿಯಂತೂ ಪಠ್ಯಕ್ರಮದ ಹೊರಗಿನವೆಂದು 50 ಪ್ರಶ್ನೆಗಳನ್ನೇ ಮೌಲ್ಯಮಾಪನದಿಂದ ಕೈಬಿಡಲಾಯಿತು.

ಹಾಗಾದರೆ ತನ್ನ ಶೂನ್ಯದೋಷವನ್ನು ವಿದ್ಯಾರ್ಥಿ ಅರಿಯುವ ಬಗೆ ಹೇಗೆ? ಇದಕ್ಕೆ ಒಂದು ಸೀಸದ ಕಡ್ಡಿ ಸಾಕು. ಮಾದರಿ ಪರೀಕ್ಷೆ ಬರೆಯುವಾಗಲೇ ಪ್ರತಿಯೊಂದು ಉತ್ತರದ ಪಕ್ಕದಲ್ಲಿ ಒಂದು ಚಿಹ್ನೆ ಹಾಕಿಕೊಳ್ಳಿರಿ: ಖಚಿತವಾದುದಕ್ಕೆ ಒಂದು ಗೆರೆ, ಸಂಶಯವಿರುವುದಕ್ಕೆ ಎರಡು ಗೆರೆ. ಸರಿಯುತ್ತರಗಳನ್ನು ನೋಡಿದ ಮೇಲೆ ಒಂದೊಂದು ಗುಂಪಿನಲ್ಲಿ ಎಷ್ಟು ಸರಿಯಾದುವೆಂದು ಎಣಿಸಿರಿ. ಖಚಿತವೆಂದುವು ಹತ್ತಕ್ಕೆ ಒಂಬತ್ತರಂತೆ ಸರಿಯಾಗಿರಬಹುದು, ಸಂಶಯದುವು ಎರಡಕ್ಕೆ ಒಂದರಂತೆ. ಆ ಬಳಿಕ ನಿಜವಾದ ಪರೀಕ್ಷೆಯಲ್ಲಿ 110 ಖಚಿತ, 40 ಸಂಶಯ, 30 ಖಾಲಿ ಎಂದಿಟ್ಟುಕೊಳ್ಳೋಣ. ಸರಿಯಾದುವು 99 ಮತ್ತು 20, ಒಟ್ಟು 119, ತಪ್ಪಾದುವು 31. ಅಂಕ 476ರಲ್ಲಿ 31ನ್ನು ಕಳೆದು 445. ಎಲ್ಲವೂ ಸರಿಯೆಂದೆಣಿಸಿದ್ದರೆ 600 ಎನ್ನಬೇಕಾಗುತ್ತಿತ್ತು. ಮೇಲೆ ಹೇಳಿದ ರೀತಿಯಲ್ಲಿಯೇ ತೂಗಾಟವನ್ನೂ ಗುಣಿಸಿದರೆ ಅದು ಸುಮಾರು 22 ಅಂಕಗಳು. ಆದುದರಿಂದ ಮೂರರಲ್ಲಿ ಎರಡು ಸಲ ಫಲಿತಾಂಶ 423ಕ್ಕೂ 467ಕ್ಕೂ ನಡುವೆ ಬೀಳುವುದು. ಮೂರನೆಯ ಸಲ ಹೊರಗೆ ಬೀಳುವುದು.

ಈ ಕೋಷ್ಟಕವನ್ನು ವಿಷಯವಾರು ಬೇರೆಬೇರೆಯಾಗಿ ಇಡುವುದು ಅವಶ್ಯಕ. ಜೀವಶಾಸ್ತ್ರದಲ್ಲಿ ಹತ್ತಕ್ಕೆ ಒಂಬತ್ತರಂತಿರುವ ಖಚಿತತೆ ಭೌತಶಾಸ್ತ್ರದಲ್ಲಿ ಏಳಕ್ಕಿಳಿಯುವುದು ಅಪರೂಪವಲ್ಲ. ನೀಟ್‌ನಲ್ಲಿ ಭೌತಶಾಸ್ತ್ರದ ಪಾಲು 45 ಪ್ರಶ್ನೆಗಳು. ಐದು ಮಾದರಿ ಪರೀಕ್ಷೆಗಳಾದರೆ 225 ಉತ್ತರಗಳು ಕೂಡುವುವು. ಒಂದು ಶೂನ್ಯದೋಷವನ್ನು ಗೊತ್ತುಮಾಡಿಕೊಳ್ಳಲು ಅಷ್ಟು ಅಳತೆಗಳು ಸಾಕು.