ವಳಕಮದಿನ್ನಿಯಿಂದ ಸ್ಯಾನ್ ಫ್ರಾನ್ಸಿಸ್ಕೋ: ಗಂಟೆಗಳ ಜಮಾಖರ್ಚು

ಸಿಂಧನೂರು ಸೀಮೆಯ ಸೋನಾ ಮಸೂರಿ ಅಕ್ಕಿಗೆ ಅಮೆರಿಕದ ಭಾರತೀಯ ಕುಟುಂಬಗಳಲ್ಲಿ ಬೇಡಿಕೆಯಿದೆ. ವಳಕಮದಿನ್ನಿಯ ವರ್ತಕರೊಬ್ಬರು ಖರೀದಿದಾರರನ್ನು ಕಾಣಲು ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಡುತ್ತಾರೆಂದು ಭಾವಿಸೋಣ. ಅವರು ಮೊದಲು ಕೇಳುವುದು ಟಿಕೆಟ್ ದರವನ್ನು. ಕೇಳಬೇಕಾದದ್ದು ಗಂಟೆಗಳ ಲೆಕ್ಕವನ್ನೂ ಹೌದು.

ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಡುವಿನ ನೇರ ವಾಯುದೂರ 13,993 ಕಿ.ಮೀ. ಏರ್ ಇಂಡಿಯಾ ಸಂಸ್ಥೆಯು 2021ರ ಜನವರಿಯಲ್ಲಿ ಈ ಮಾರ್ಗದಲ್ಲಿ ನೇರ ಸೇವೆಯನ್ನು ಆರಂಭಿಸಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ತಂಡವು ಮೊದಲ ವಿಮಾನವನ್ನು ಉತ್ತರ ಧ್ರುವದ ಮೇಲಿನಿಂದ ಬೆಂಗಳೂರಿಗೆ ತಂದಿತು. ಭೂಪಟದಲ್ಲಿ ಇದು ಸುತ್ತುದಾರಿಯಂತೆ ತೋರಿದರೂ ಗೋಳದ ಮೇಲೆ ದಾರ ಹಿಡಿದು ನೋಡಿದರೆ ಹತ್ತಿರದ ದಾರಿ ಉತ್ತರಕ್ಕೇ ಸಾಗುತ್ತದೆ.

ಆ ವಿಮಾನದ ವೇಳಾಪಟ್ಟಿಯನ್ನು ಗಮನಿಸಿ. ಹೊರಡುವುದು ಶನಿವಾರ ರಾತ್ರಿ 8:30. ತಲುಪುವುದು ಸೋಮವಾರ ಮುಂಜಾನೆ 3:45. ಎರಡೂ ಸ್ಥಳೀಯ ಸಮಯಗಳು. ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಗಿಂತ 13½ ಗಂಟೆ ಮುಂದಿರುವುದರಿಂದ ಅದನ್ನು ಕಳೆದರೆ ಪ್ರಯಾಣ 17 ಗಂಟೆ 45 ನಿಮಿಷ. ಭಾನುವಾರವೇನೋ ವಿಮಾನದಲ್ಲೇ ಕಳೆಯಿತು. ಆದರೆ ಸೋಮವಾರ ಬೆಳಿಗ್ಗೆ ಬ್ಯಾಂಕಿನಲ್ಲಿ ಸಹಿ ಹಾಕಬೇಕಾದವರು ಬಾಗಿಲು ತೆರೆಯುವ ವೇಳೆಗೆ ಸಿಂಧನೂರು ಸೇರಲಾರರು. ಮುಂದೆ ಸುಮಾರು 400 ಕಿ.ಮೀ. ರಸ್ತೆ ಬಾಕಿಯಿರುತ್ತದೆ. ಹೋಗುವಾಗ ಪೆಸಿಫಿಕ್ ಸಾಗರದ ಮೇಲೆ ಪಶ್ಚಿಮದಿಂದ ಬೀಸುವ ಗಾಳಿ ಹಿಂದಿನಿಂದ ತಳ್ಳುವುದರಿಂದ ಸುಮಾರು 16 ಗಂಟೆ ಸಾಕು.

ಈಗ ಹೈದರಾಬಾದ್–ದುಬೈ ಮಾರ್ಗವನ್ನು ಹೋಲಿಸೋಣ. ಎರಡು ಹಂತಗಳ ದೂರ ಕೂಡಿದರೆ ಸುಮಾರು 15,600 ಕಿ.ಮೀ. ಹೆಚ್ಚಾದದ್ದು ಎರಡು ಗಂಟೆಯ ಹಾರಾಟದಷ್ಟು ಮಾತ್ರ. ಉಳಿದ ವಿಳಂಬವೆಲ್ಲ ಇಳಿದು, ಕಾದು, ಮತ್ತೆ ಏರುವುದರದ್ದು. ಮೂರು ಗಂಟೆ ಕಾಯುವುದನ್ನು ಸೇರಿಸಿ 23 ಗಂಟೆ ಎನ್ನೋಣ. ನೇರ ವಿಮಾನಕ್ಕಿಂತ ಏಳು ಗಂಟೆ ಅಧಿಕ. ಆದರೆ ನಮ್ಮ ಭಾಗದವರಿಗೆ ಶಂಶಾಬಾದ್ ಸಮೀಪ. ಕಾರಿನಲ್ಲಿ ದೇವನಹಳ್ಳಿಗೆ ಎಂಟು ಗಂಟೆ ಹಿಡಿದರೆ ಅಲ್ಲಿಗೆ ಆರು ಗಂಟೆ. ಮನೆಯ ಹೊಸ್ತಿಲಿನಿಂದ ಎಣಿಸಿದಾಗ ವ್ಯತ್ಯಾಸ ಐದಕ್ಕೆ ಇಳಿಯುತ್ತದೆ. ಕಾಯುವ ಅವಧಿ ಎಂಟು ಗಂಟೆಯಾದರೆ ಅದು ಹತ್ತಕ್ಕೆ ಏರುತ್ತದೆಂಬುದನ್ನೂ ಮರೆಯುವಂತಿಲ್ಲ.

ನೇರ ಸೇವೆ ಎಲ್ಲ ಕಾಲಕ್ಕೂ ಲಭ್ಯವಿರುತ್ತದೆಂದು ನಂಬುವಂತಿಲ್ಲ. ಇಂಧನ ದರ ಏರಿದರೆ, ಯಾವುದೋ ರಾಷ್ಟ್ರ ತನ್ನ ವಾಯುಸೀಮೆಯನ್ನು ಮುಚ್ಚಿದರೆ ವೇಳಾಪಟ್ಟಿಯೇ ಬದಲಾಗುತ್ತದೆ. ಆದ್ದರಿಂದ ಟಿಕೆಟ್ ಕಾಯ್ದಿರಿಸುವ ದಿನ ಎರಡೂ ಮಾರ್ಗಗಳ ದರದಲ್ಲಿನ ವ್ಯತ್ಯಾಸಕ್ಕೆ ಟ್ಯಾಕ್ಸಿ ಖರ್ಚಿನ ವ್ಯತ್ಯಾಸವನ್ನು ಕೂಡಿಸಿ, ಬಂದ ಮೊತ್ತವನ್ನು ಉಳಿತಾಯವಾಗುವ ಗಂಟೆಗಳಿಂದ ಭಾಗಿಸಿ ನೋಡಿರಿ. ಟಿಕೆಟ್ಟಿನಲ್ಲಿ ಸಂಸ್ಥೆಯ ಹೆಸರನ್ನೂ ಜಿಎಸ್‌ಟಿ ಸಂಖ್ಯೆಯನ್ನೂ ನಮೂದಿಸಿರಿ. ಟ್ಯಾಕ್ಸಿ ರಸೀದಿಯನ್ನು ಜೇಬಿನಲ್ಲೇ ಬಿಡದೆ ಫೈಲಿಗೆ ಸೇರಿಸಿರಿ.