ಕರುಳಿಗೆ ಹಾಕಿದ ಹೆಪ್ಪು ಮಿದುಳನ್ನು ಮುಟ್ಟೀತೆ?

ಮನೆಯ ಮೊಸರು ಕೆಟ್ಟರೆ ಪಕ್ಕದ ಮನೆಯಿಂದ ಒಂದು ಚಮಚ ಒಳ್ಳೆಯ ಹೆಪ್ಪು ತಂದು ಹಾಲಿಗೆ ಬೆರೆಸುವುದು ರೂಢಿ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳು ರಾತ್ರಿಯಿಡೀ ವೃದ್ಧಿಸುತ್ತವೆ. ಬೆಳಗಾಗುವಷ್ಟರಲ್ಲಿ ಗಟ್ಟಿ ಮೊಸರು ಸಿದ್ಧ. ವೈದ್ಯರು ಇದೇ ಉಪಾಯವನ್ನು ಮನುಷ್ಯನ ಕರುಳಿನಲ್ಲೂ ಮಾಡಿ ನೋಡಿದ್ದಾರೆ. ಹೆಪ್ಪು ಮಾತ್ರ ಬೇರೆ: ಆರೋಗ್ಯವಂತನ ಮಲ!

ಮೂಗು ಮುರಿಯುವ ಮೊದಲು ಕೆಲವು ಸಂಗತಿಗಳನ್ನು ಗಮನಿಸಬೇಕು. ದೊಡ್ಡ ಕರುಳಿನಲ್ಲಿ ಲಕ್ಷಾಂತರ ಕೋಟಿ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ಆಂಟಿಬಯಾಟಿಕ್ ಔಷಧಿಗಳಿಂದ ಇವು ನಾಶವಾದಾಗ ಕ್ಲಾಸ್ಟ್ರಿಡಿಯಂ ಡಿಫಿಸೀಲ್ ಎಂಬ ದುಷ್ಟ ಬ್ಯಾಕ್ಟೀರಿಯಾ ತಲೆಯೆತ್ತಿ, ನಿಲ್ಲದ ಭೇದಿ ಉಂಟಾಗಬಹುದು. 1958ರಲ್ಲೇ ಅಮೆರಿಕದ ಡೆನ್ವರ್‌ನಲ್ಲಿ ಬೆನ್ ಐಸ್‌ಮನ್ ಎಂಬ ಶಸ್ತ್ರವೈದ್ಯ ಮತ್ತು ಸಂಗಡಿಗರು ಕರುಳಿನ ತೀವ್ರ ಉರಿಯೂತದ ನಾಲ್ವರಿಗೆ ಬೇರೆಯವರ ಮಲವನ್ನು ಎನಿಮಾ ಮೂಲಕ ಕೊಟ್ಟು ಗುಣಪಡಿಸಿದ್ದರು. 2013ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು ಪ್ರಕಟಿಸಿದ ಪರೀಕ್ಷೆಯಲ್ಲಿ ಮಲದ ದ್ರಾವಣ ಪಡೆದ 16 ಜನರ ಪೈಕಿ 13 ಜನರ ರೋಗ ಒಂದೇ ಬಾರಿಗೆ ವಾಸಿಯಾಯಿತು. ವ್ಯಾಂಕೊಮೈಸಿನ್ ಮಾತ್ರ ಪಡೆದ 13 ಜನರಲ್ಲಿ ವಾಸಿಯಾದವರು ನಾಲ್ವರು.

ಸರಿ, ಇದು ಕರುಳಿನ ಮಾತು. ಮಿದುಳಿಗೆ ಏನು ಸಂಬಂಧ?

ಮಿದುಳಿನ ಒಳಭಾಗದಲ್ಲಿ ನರತಂತುಗಳ ದೊಡ್ಡ ಕಂತೆಯೇ ಇದೆ. ವಿದ್ಯುತ್ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ಇವುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ. ಅದರ ಬಣ್ಣದಿಂದಲೇ ಈ ಭಾಗಕ್ಕೆ ಬಿಳಿ ದ್ರವ್ಯ ಎಂಬ ಹೆಸರು. ಹೊದಿಕೆ ಹಾಳಾದರೆ ಸಂದೇಶ ನಿಧಾನವಾಗುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಲ್ಲಿ, ರಕ್ತದ ಒತ್ತಡದಿಂದ ಮಿದುಳಿನ ಸಣ್ಣ ರಕ್ತನಾಳಗಳು ಕೆಟ್ಟ ವೃದ್ಧರಲ್ಲಿ, ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳಲ್ಲಿ ಆಗುವುದು ಇದೇ. ಕಳೆದ ಹೊದಿಕೆಯನ್ನು ಖಚಿತವಾಗಿ ಮರಳಿಸುವ ಔಷಧ ಇನ್ನೂ ಇಲ್ಲ. ಆದ್ದರಿಂದಲೇ ವಿಜ್ಞಾನಿಗಳ ಕಣ್ಣು ಕರುಳಿನತ್ತ ಹೊರಳಿದೆ.

ನಾರಿನಂಶವನ್ನು ಕರುಳಿನ ಬ್ಯಾಕ್ಟೀರಿಯಾಗಳು ಹುಳಿಯಿಸಿದಾಗ ಬ್ಯುಟಿರೇಟ್‌ನಂಥ ಸಣ್ಣ ಕೊಬ್ಬಿನಾಮ್ಲಗಳು ಹುಟ್ಟಿ ರಕ್ತ ಸೇರುತ್ತವೆ. ಬ್ಯಾಕ್ಟೀರಿಯಾ ಸೋಂಕದಂತೆ ಬೆಳೆಸಿದ ಇಲಿಗಳಲ್ಲಿ ಮಿದುಳಿನ ಕಾವಲು ಕೋಶಗಳು ಸರಿಯಾಗಿ ಬಲಿಯುವುದಿಲ್ಲ. ಈ ಆಮ್ಲಗಳನ್ನು ಕೊಟ್ಟಾಗ ಚೇತರಿಸಿಕೊಳ್ಳುತ್ತವೆ ಎಂದು 2015ರಲ್ಲಿ ಜರ್ಮನಿಯ ಫ್ರೈಬರ್ಗ್ ತಂಡ ತೋರಿಸಿತು. ಹಾಗಾದರೆ ಬ್ಯಾಕ್ಟೀರಿಯಾ ಸೇರಿಸಿದರೆ ಮಯಲಿನ್ ಬೆಳೆಯಬೇಕಲ್ಲವೆ? ಅಷ್ಟು ಸುಲಭವಿಲ್ಲ. 2016ರಲ್ಲಿ ಐರ್ಲೆಂಡಿನ ಕಾರ್ಕ್‌ನಲ್ಲಿ ಅಂಥ ಇಲಿಗಳ ಮಿದುಳಿನ ಮುಂಭಾಗದಲ್ಲಿ ಮಯಲಿನ್ ಕಡಿಮೆಯಿರಲಿಲ್ಲ, ವಿಪರೀತ ದಪ್ಪವಿತ್ತು!

ಮರುವರ್ಷದ ಇನ್ನೊಂದು ಪ್ರಯೋಗ ಮತ್ತೂ ಯೋಚನೆಗೆ ಹಚ್ಚುವಂಥದು. ಒಬ್ಬರಿಗೆ ಮಾತ್ರ ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವ ತದ್ರೂಪಿ ಅವಳಿಗಳ ಮಲವನ್ನು ಜರ್ಮನಿಯ ವಿಜ್ಞಾನಿಗಳು ಇಲಿಗಳಿಗೆ ಸೇರಿಸಿದರು. ರೋಗಿಯ ಮಲ ಪಡೆದ ಇಲಿಗಳಲ್ಲಿ ಅಂಥದೇ ರೋಗ ಹೆಚ್ಚಾಗಿ ಕಾಣಿಸಿತು. ಹೆಪ್ಪು ಯಾರ ಮನೆಯದು ಎಂಬುದು ಇಲ್ಲಿ ಸಣ್ಣ ವಿಷಯವಲ್ಲ. 2019ರಲ್ಲಿ ಅಮೆರಿಕದಲ್ಲಿ ದಾನಿಯ ಮಲದಲ್ಲಿದ್ದ, ಔಷಧಕ್ಕೆ ಬಗ್ಗದ ಇ-ಕೋಲೈ ತಗುಲಿ ರೋಗಿಯೊಬ್ಬರು ತೀರಿಕೊಂಡರು. ಅದಕ್ಕಾಗಿ ಮೊದಲೇ ತಪಾಸಣೆ ನಡೆದಿರಲಿಲ್ಲ.

ಅಲ್ಲಿ 2022 ಮತ್ತು 2023ರಲ್ಲಿ ಇಂಥ ಎರಡು ಸಿದ್ಧೌಷಧಗಳಿಗೆ ಮಂಜೂರಾತಿ ದೊರೆತಿರುವುದು ಡಿಫಿಸೀಲ್ ಮರುಕಳಿಸದಂತೆ ತಡೆಯಲು ಮಾತ್ರ. ಬಿಳಿ ದ್ರವ್ಯದ ಗಾಯಕ್ಕೆ ಈ ಚಿಕಿತ್ಸೆ ಇನ್ನೂ ಸಂಶೋಧನೆಯ ಹಂತ ದಾಟಿಲ್ಲ. ಅದರ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿರುವ ಅವಧಿಪೂರ್ವ ಶಿಶುವಿನ ವಿಷಯದಲ್ಲಂತೂ ತೊಡಕು ದೊಡ್ಡದು: ಅದರ ಕರುಳಿನ ಗೋಡೆ ಇನ್ನೂ ಎಳೆಯದು, ಒಳಗೆ ಬಿಟ್ಟ ಬ್ಯಾಕ್ಟೀರಿಯಾ ನೇರ ರಕ್ತಕ್ಕೇ ನುಗ್ಗಬಹುದು.